ಏಳನೆಯ ಕೋಶದ ಹಣೆಬರಹ

ಕಣ್ಣಿನ ಒಳಭಿತ್ತಿಯಲ್ಲಿ ಹರಡಿಕೊಂಡಿರುವ ಅಕ್ಷಿಪಟಲವನ್ನೂ ‘ಎನ್‌ಜೈಮ್’ ಎಂಬ ಪದವನ್ನೂ ಒಟ್ಟಿಗೆ ನೆನೆಯಬೇಕಾದರೆ ಹತ್ತೊಂಬತ್ತನೆಯ ಶತಮಾನದ ಜರ್ಮನಿಯ ಹೈಡಲ್‌ಬರ್ಗ್ ನಗರಕ್ಕೆ ಹೋಗಬೇಕು. ಅಲ್ಲಿನ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕ ವಿಲ್ಹೆಲ್ಮ್ ಕ್ಯೂನೆ ಅವರು 1870ರ ದಶಕದ ಉತ್ತರಾರ್ಧದಲ್ಲಿ ಎರಡು ಕೆಲಸಗಳನ್ನು ಮಾಡಿದರು. ಹುದುಗು ಬರಿಸುವ, ಆಹಾರವನ್ನು ಒಡೆದು ಜೀರ್ಣಿಸುವ ದ್ರವ್ಯಗಳಿಗೆ ‘ಹುದುಗಿನ ಒಳಗಿರುವುದು’ ಎಂಬ ಅರ್ಥದ ಗ್ರೀಕ್ ಮಾತಿನಿಂದ ‘ಎನ್‌ಜೈಮ್’ ಎಂದು ಹೆಸರಿಟ್ಟರು. ಅದೇ ಕಾಲದಲ್ಲಿ, ಫ್ರಾಂಜ್ ಬಾಲ್ ಅವರು 1876ರಲ್ಲಿ ಗುರುತಿಸಿದ್ದ, ಬೆಳಕು ತಾಕಿದರೆ ಮಾಸಿಹೋಗುವ ಅಕ್ಷಿಪಟಲದ ಕೆನ್ನೇರಳೆ ವರ್ಣದ್ರವ್ಯವನ್ನು ಪಿತ್ತದ ಲವಣಗಳಲ್ಲಿ ಕರಗಿಸಿ ಹೊರತೆಗೆದರು. ನಾವು ಬಳಸುವ ‘ಕಿಣ್ವ’ ಎಂಬ ಪದವೂ ಹುದುಗಿನ ಮನೆಯದೇ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರೆಯನ್ನು ತಯಾರಿಸುವ ಪ್ರಸಂಗದಲ್ಲಿ ಅದು ಬರುತ್ತದೆ.

ಕ್ಯೂನೆ ಅವರ ಕೈಯಲ್ಲಿ ಕಿಣ್ವವೂ ಅಕ್ಷಿಪಟಲವೂ ಎರಡು ಬೇರೆ ಬೇರೆ ವಿಷಯಗಳಾಗಿದ್ದವು. ಅಕ್ಷಿಪಟಲ ಹೇಗೆ ನೋಡುತ್ತದೆ ಎಂಬುದು ಆ ಕಾಲದ ಪ್ರಶ್ನೆ. ಅದು ಹೇಗೆ ಕಟ್ಟಲ್ಪಡುತ್ತದೆ ಎಂಬುದು ಬಹುಮಟ್ಟಿಗೆ ಮುಂದಿನ ಶತಮಾನದ ಪ್ರಶ್ನೆ. ಬೆಳೆಯುತ್ತಿರುವ ಕಣ್ಣಿನಲ್ಲಿ ನೋಡುವುದಕ್ಕೆ ಒಂದೇ ಬಗೆಯಾಗಿ ಕಾಣುವ ಕೋಶಗಳ ಹಾಸೊಂದಿರುತ್ತದೆ. ಕೆಲವು ದಿನಗಳಲ್ಲಿ ಅವುಗಳಲ್ಲೊಂದು ಬೆಳಕನ್ನು ಗ್ರಹಿಸುವ ನರಕೋಶವಾಗುತ್ತದೆ, ಪಕ್ಕದ್ದು ಮಸೂರವನ್ನು ಸ್ರವಿಸುವ ಕೋಶವಾಗುತ್ತದೆ, ಇನ್ನೊಂದು ಬಣ್ಣದ ತೆರೆಯಾಗುತ್ತದೆ. ಜೀವಶಾಸ್ತ್ರಜ್ಞರು ಇದನ್ನು ಕೋಶದ ‘ವಿಧಿ’ ಎನ್ನುತ್ತಾರೆ; ನಮ್ಮ ಮನೆಮಾತಿನಲ್ಲಿ ಹೇಳುವುದಾದರೆ ಹಣೆಬರಹ. ಅದನ್ನು ಬರೆಯುವವರು ಯಾರು? ಕೋಶ ಹುಟ್ಟುವಾಗಲೇ ಅದರ ಕುಲದಿಂದ ಅದು ನಿಶ್ಚಯವಾಗಿರುತ್ತದೆಯೇ, ಇಲ್ಲವೇ ಆಮೇಲೆ ನೆರೆಹೊರೆಯವರ ಮಾತಿನಿಂದ ತೀರ್ಮಾನವಾಗುತ್ತದೆಯೇ? ಈ ಪ್ರಶ್ನೆಗೆ ಮೊದಲ ಸ್ಪಷ್ಟ ಉತ್ತರಗಳಲ್ಲೊಂದು ಹಣ್ಣಿನ ನೊಣದ ಕಣ್ಣಿನಲ್ಲಿ ದೊರೆಯಿತು. ಉತ್ತರದ ನಡುವೆ ಒಂದು ಕಿಣ್ವ ಕುಳಿತಿತ್ತು.

ಮಾಗಿದ ಬಾಳೆಹಣ್ಣಿನ ಮೇಲೆ ಸುಳಿದಾಡುವ ಡ್ರೊಸೊಫಿಲಾ ಎಂಬ ಪುಟ್ಟ ನೊಣ ವಿಜ್ಞಾನದ ಚರಿತ್ರೆಯನ್ನು ಪ್ರವೇಶಿಸಿದ್ದೇ ಕಣ್ಣಿನ ಮೂಲಕ. 1910ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಅವರು ಕೆಂಪುಗಣ್ಣಿನ ನೊಣಗಳ ನಡುವೆ ಕಾಣಿಸಿಕೊಂಡ ಒಂದು ಬಿಳಿಗಣ್ಣಿನ ಗಂಡುನೊಣದ ಸಂತತಿಯನ್ನು ಅಭ್ಯಸಿಸಿ, ವಂಶವಾಹಿಗೂ ವರ್ಣತಂತುವಿಗೂ ಇರುವ ಸಂಬಂಧವನ್ನು ತೋರಿಸುವ ಹಾದಿ ತೆರೆದರು. ಅರ್ಧ ಶತಮಾನದ ಬಳಿಕ ಅದೇ ನೊಣವನ್ನು ಬೇರೊಂದು ಪ್ರಶ್ನೆಗಾಗಿ ಕೈಗೆತ್ತಿಕೊಂಡವರು ಸೀಮೋರ್ ಬೆಂಜರ್. ಅವರು ಭೌತಶಾಸ್ತ್ರದಿಂದ ಬಂದವರು. ಬ್ಯಾಕ್ಟೀರಿಯಾಗಳನ್ನು ತಿನ್ನುವ ವೈರಸ್ಸುಗಳ ವಂಶವಾಹಿಯ ಒಳರಚನೆಯನ್ನು ಬಿಡಿಸಿ ಹೆಸರಾದವರು. ಆಮೇಲೆ ಅವರಿಗೆ ನಡವಳಿಕೆಯ ಮೇಲೆ ಕುತೂಹಲ ಹುಟ್ಟಿತು. ಬೆಳಕಿನತ್ತ ನಡೆಯುವ ನೊಣಗಳನ್ನೂ ನಡೆಯದ ನೊಣಗಳನ್ನೂ ಗಾಜಿನ ಕೊಳವೆಗಳ ಸಾಲಿನಲ್ಲಿ ಬೇರ್ಪಡಿಸುವ ಸರಳ ಉಪಾಯವನ್ನು 1967ರಲ್ಲಿ ಪ್ರಕಟಿಸಿದರು. ಒಂದು ವಂಶವಾಹಿ ಕೆಟ್ಟರೆ ಯಾವ ನಡವಳಿಕೆ ಕೆಡುತ್ತದೆ ಎಂದು ನೋಡುವುದು ಅವರ ವಿಧಾನವಾಗಿತ್ತು.

ಆ ನೊಣದ ಕಣ್ಣಿನ ರಚನೆಯನ್ನು ಇಲ್ಲಿ ಸ್ವಲ್ಪ ತಿಳಿದುಕೊಳ್ಳಬೇಕು. ಅದು ಸುಮಾರು 800 ಕಿರುಗಣ್ಣುಗಳ ಜೋಡಣೆ. ಪ್ರತಿ ಕಿರುಗಣ್ಣಿನಲ್ಲಿಯೂ ಎಂಟು ಬೆಳಕುಗ್ರಾಹಿ ಕೋಶಗಳು, ಅವುಗಳ ಮೇಲೆ ಮಸೂರವನ್ನು ಸ್ರವಿಸುವ ನಾಲ್ಕು ಶಂಕುಕೋಶಗಳು, ಸುತ್ತಲೂ ವರ್ಣಕೋಶಗಳು ಇರುತ್ತವೆ. ಎಂಟು ಬೆಳಕುಗ್ರಾಹಿಗಳಿಗೆ ಒಂದರಿಂದ ಎಂಟರವರೆಗೆ ಅಂಕಿಗಳನ್ನು ಕೊಡಲಾಗಿದೆ. ಆರು ಕೋಶಗಳು ಹೊರಗೆ ವರ್ತುಲವಾಗಿ ನಿಂತರೆ, ಏಳನೆಯದೂ ಎಂಟನೆಯದೂ ನಡುವೆ ಒಂದರ ಮೇಲೊಂದು ನಿಲ್ಲುತ್ತವೆ. ನಮಗೆ ಕಾಣದ ನೇರಳಾತೀತ ಬೆಳಕನ್ನು ಗ್ರಹಿಸುವುದು ಏಳನೆಯದರ ವಿಶೇಷ. ಈ ವಿನ್ಯಾಸ ಕಣ್ಣಿನ ತುಂಬ ಹರಳಿನಂತೆ ಕರಾರುವಾಕ್ಕಾಗಿ ಪುನರಾವರ್ತನೆಯಾಗುತ್ತದೆ. ಎಲ್ಲೇ ಒಂದು ಕೋಶ ತಪ್ಪಿದರೂ ಸೂಕ್ಷ್ಮದರ್ಶಕದ ಮುಂದೆ ಕುಳಿತವರಿಗೆ ಅದು ಸಾಲು ತಪ್ಪಿದ ರಂಗೋಲಿಯ ಚುಕ್ಕೆಯಂತೆ ಎದ್ದು ಕಾಣುತ್ತದೆ.

1976ರಲ್ಲಿ ಈ ಕಣ್ಣಿನ ಬಗ್ಗೆ ಎರಡು ಮುಖ್ಯ ಬರಹಗಳು ಬಂದವು. ಮೊದಲನೆಯದು ಡೊನಾಲ್ಡ್ ರೆಡಿ, ಥಾಮಸ್ ಹ್ಯಾನ್ಸನ್ ಮತ್ತು ಬೆಂಜರ್ ಅವರದು. ಒಂದೇ ತಾಯಿಕೋಶದಿಂದ ಇಳಿದುಬಂದ ಕೋಶಗಳನ್ನು ಬಣ್ಣದ ಗುರುತಿನಿಂದ ಹಿಂಬಾಲಿಸಿ, ಒಂದು ಕಿರುಗಣ್ಣಿನ ಕೋಶಗಳೆಲ್ಲ ಒಂದೇ ಕುಲದವು ಆಗಬೇಕಾಗಿಲ್ಲ ಎಂದು ಅವರು ತೋರಿಸಿದರು. ಅಣ್ಣತಮ್ಮಂದಿರಾದ ಎರಡು ಕೋಶಗಳು ಅಕ್ಕಪಕ್ಕದ ಕಿರುಗಣ್ಣುಗಳಲ್ಲಿ ಹಂಚಿಹೋಗಿ ಬೇರೆ ಬೇರೆ ಉದ್ಯೋಗ ಹಿಡಿಯಬಹುದಾಗಿತ್ತು. ಹಾಗಾದರೆ ಹುಟ್ಟಿನಿಂದ ಬಾರದ ಆದೇಶ ಎಲ್ಲಿಂದಲೋ ಬರಲೇಬೇಕು. ನೆರೆಯ ಕೋಶಗಳನ್ನು ಬಿಟ್ಟರೆ ಬೇರೆ ಯಾರೂ ಹತ್ತಿರದಲ್ಲಿರಲಿಲ್ಲ.

ಎರಡನೆಯದು ಬೆಂಜರ್ ಅವರ ವಿದ್ಯಾರ್ಥಿಯಾಗಿದ್ದ ವಿಲಿಯಂ ಹ್ಯಾರಿಸ್ ಮತ್ತು ಸಂಗಡಿಗರದು. ಒಂದು ಕಡೆ ನೇರಳಾತೀತ ಬೆಳಕು, ಇನ್ನೊಂದು ಕಡೆ ನಮಗೂ ಕಾಣುವ ಬೆಳಕು ಇಟ್ಟರೆ ಸಾಮಾನ್ಯ ನೊಣಗಳು ನೇರಳಾತೀತದ ಕಡೆಗೆ ಹೋಗುತ್ತವೆ. ಒಂದು ತಳಿ ಮಾತ್ರ ಎದುರು ದಿಕ್ಕಿಗೆ ಹೊರಟಿತು. ಅದರ ಕಣ್ಣನ್ನು ಪರೀಕ್ಷಿಸಿದಾಗ ಪ್ರತಿ ಕಿರುಗಣ್ಣಿನಲ್ಲಿಯೂ ಏಳನೆಯ ಕೋಶವೇ ಇರಲಿಲ್ಲ. ಉಳಿದ ಏಳೂ ಸುಸ್ಥಿತಿಯಲ್ಲಿದ್ದವು. ಕೆಟ್ಟಿದ್ದ ಆ ವಂಶವಾಹಿಗೆ ‘ಸೆವೆನ್‌ಲೆಸ್’, ಅಂದರೆ ‘ಏಳಿಲ್ಲದ್ದು’ ಎಂಬ ಹೆಸರು ಬಂತು. ನೊಣದ ಅಭ್ಯಾಸಿಗಳು ವಂಶವಾಹಿಗೆ ಹೆಸರಿಡುವುದು ಅದು ಮಾಡುವ ಕೆಲಸದಿಂದಲ್ಲ, ಅದು ಕೆಟ್ಟಾಗ ಕಾಣುವ ಕೊರತೆಯಿಂದ. ಹೀಗಾಗಿ ಏಳನೆಯ ಕೋಶವನ್ನು ಉಂಟುಮಾಡುವ ವಂಶವಾಹಿಗೇ ಏಳಿಲ್ಲದ್ದು ಎಂಬ ವಿಪರೀತ ನಾಮಧೇಯ ಉಳಿಯಿತು.

ಏಳನೆಯ ಕೋಶ ಹುಟ್ಟಿ ಸತ್ತಿತೇ, ಇಲ್ಲವೇ ಹುಟ್ಟಲೇ ಇಲ್ಲವೇ? ಉತ್ತರಕ್ಕೆ ಹತ್ತು ವರ್ಷ ಬೇಕಾಯಿತು. ನೊಣದ ಮರಿಹುಳುವಿನೊಳಗೆ ಮುಂದೆ ಕಣ್ಣಾಗಲಿರುವ ಒಂದು ತೆಳುವಾದ ಕೋಶಪದರವಿರುತ್ತದೆ. ಅದರ ಮೇಲೆ ಹಿಂದಿನಿಂದ ಮುಂದಕ್ಕೆ ಒಂದು ಸಣ್ಣ ತಗ್ಗಿನ ಗೆರೆ ಸರಿಯುತ್ತ ಹೋಗುತ್ತದೆ. ಅದು ದಾಟಿದಲ್ಲೆಲ್ಲ ಕೋಶಗಳು ಗುಂಪುಗೂಡತೊಡಗುತ್ತವೆ. ಮೊದಲು ಎಂಟನೆಯದು ತನ್ನ ಗುರುತನ್ನು ಪಡೆಯುತ್ತದೆ. ಬಳಿಕ ಎರಡು ಮತ್ತು ಐದು, ಮೂರು ಮತ್ತು ನಾಲ್ಕು, ಒಂದು ಮತ್ತು ಆರು ಜೋಡಿಜೋಡಿಯಾಗಿ ಸೇರುತ್ತವೆ. ಕಟ್ಟಕಡೆಗೆ ಬರುವುದು ಏಳನೆಯದು. ಆಂಡ್ರ್ಯೂ ಟಾಮ್ಲಿನ್‌ಸನ್ ಮತ್ತು ರೆಡಿ 1986ರಲ್ಲಿ ತೋರಿಸಿದ್ದೇನೆಂದರೆ, ಕೆಟ್ಟ ತಳಿಯಲ್ಲಿಯೂ ಏಳನೆಯದಾಗಬೇಕಾದ ಕೋಶ ತನ್ನ ಜಾಗಕ್ಕೆ ಬಂದು ನಿಲ್ಲುತ್ತದೆ. ಆದರೆ ಅದು ನರಕೋಶವಾಗದೆ ಮಸೂರವನ್ನು ಸ್ರವಿಸುವ ಶಂಕುಕೋಶವಾಗಿಬಿಡುತ್ತದೆ. ಅದು ಸತ್ತಿರಲಿಲ್ಲ, ನಿಷ್ಪ್ರಯೋಜಕವೂ ಆಗಿರಲಿಲ್ಲ. ಕೇಳಬೇಕಾಗಿದ್ದ ಮಾತೊಂದನ್ನು ಕೇಳಿಸಿಕೊಳ್ಳದೆ ಬೇರೆ ಉದ್ಯೋಗಕ್ಕೆ ಸೇರಿತ್ತು.

ಈ ಹಂತದಲ್ಲಿ ಕಿಣ್ವ ಕಥೆಯೊಳಗೆ ಬರುತ್ತದೆ. ಕಿಣ್ವಗಳೆಂದರೆ ಆಹಾರವನ್ನು ಒಡೆಯುವವು ಮಾತ್ರವಲ್ಲ; ಒಂದು ಪ್ರೋಟೀನಿನ ಮೇಲೆ ಫಾಸ್ಫೇಟಿನ ಚೂರೊಂದನ್ನು ಅಂಟಿಸಿ ಅದರ ನಡತೆಯನ್ನೇ ಬದಲಿಸುವವೂ ಉಂಟು. ಇವುಗಳಿಗೆ ಕೈನೇಸ್ ಎಂದು ಹೆಸರು. ಹೀಗೆ ಫಾಸ್ಫೇಟ್ ಅಂಟಿಸಿ, ಮತ್ತೆ ಕಿತ್ತು, ಜೀವಕೋಶ ತನ್ನ ಕೆಲಸಗಳನ್ನು ನಿಯಂತ್ರಿಸುತ್ತದೆ ಎಂಬುದನ್ನು 1950ರ ದಶಕದಲ್ಲಿ ಸಿಯಾಟಲ್‌ನಲ್ಲಿ ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ಕಂಡುಕೊಂಡರು. ಅದಕ್ಕಾಗಿ 1992ರಲ್ಲಿ ನೊಬೆಲ್ ಪಡೆದರು. ಕಚೇರಿಗಳಲ್ಲಿ ದುಡಿಯುವವರಿಗೆ ಇದು ಅಪರಿಚಿತ ವ್ಯವಸ್ಥೆಯಲ್ಲ. ಕಾಗದ ಅದೇ, ಅಕ್ಷರಗಳೂ ಅವೇ; ಮೊಹರು ಬಿದ್ದ ಮೇಲೆ ಅದು ಆದೇಶವಾಗುತ್ತದೆ. ಬಹುತೇಕ ಕೈನೇಸ್‌ಗಳು ಈ ಮೊಹರನ್ನು ಸೆರಿನ್ ಅಥವಾ ಥ್ರಿಯೊನಿನ್ ಎಂಬ ಅಮೈನೊ ಆಮ್ಲಗಳ ಮೇಲೆ ಒತ್ತುತ್ತವೆ. 1979ರಲ್ಲಿ ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯಲ್ಲಿ ಟೋನಿ ಹಂಟರ್ ಅವರು, ಹಳೆಯದಾಗಿ ಆಮ್ಲತೆ ತುಸು ಹೆಚ್ಚಿದ್ದ ದ್ರಾವಣವೊಂದನ್ನು ಬಳಸಿದ ಕಾರಣದಿಂದ, ಅಲ್ಲಿಯವರೆಗೆ ಬೇರೆಯಾಗಿ ಕಾಣದಿದ್ದ ಒಂದು ಚುಕ್ಕೆಯನ್ನು ಕಂಡರು. ಮೂರನೆಯ ಅಮೈನೊ ಆಮ್ಲವಾದ ಟೈರೊಸಿನ್ನಿನ ಮೇಲೂ ಮೊಹರು ಬೀಳುತ್ತದೆ ಎಂಬುದಕ್ಕೆ ಅದು ಸಾಕ್ಷಿಯಾಯಿತು. ಕೋಳಿಗಳಲ್ಲಿ ಗಡ್ಡೆ ಹುಟ್ಟಿಸುವ ವೈರಸ್ಸಿನ ಪ್ರೋಟೀನೂ ಇಂಥ ಟೈರೊಸಿನ್ ಕೈನೇಸ್ ಎಂದು ಬೇಗನೆ ಗೊತ್ತಾಯಿತು. ಅಲ್ಲಿಂದ ಈ ಕಿಣ್ವಗಳ ಹೆಸರು ಕ್ಯಾನ್ಸರಿನ ಚರಿತ್ರೆಯೊಡನೆ ಹೆಣೆದುಕೊಂಡಿತು.

1987ರಲ್ಲಿ ಎರಡು ತಂಡಗಳು ‘ಸೆವೆನ್‌ಲೆಸ್’ ವಂಶವಾಹಿಯನ್ನು ಹಿಡಿದು ಬಿಡಿಸಿದವು. ಒಂದು ಅರ್ನ್‌ಸ್ಟ್ ಹಾಫೆನ್, ಕೊನ್ರಾಡ್ ಬಾಸ್ಲರ್ ಮತ್ತು ಜೆರಾಲ್ಡ್ ರೂಬಿನ್ ಅವರಿದ್ದ ತಂಡ. ಇನ್ನೊಂದು ಬೆಂಜರ್ ಅವರ ಪ್ರಯೋಗಶಾಲೆಯದು. ಬೆಂಜರ್ ತಂಡದ ಮುಂದಾಳಾಗಿದ್ದ ಉತ್ಪಲ್ ಬ್ಯಾನರ್ಜಿ ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ, ಐಐಟಿ ಕಾನ್ಪುರದ ಮೂಲಕ ಅಮೆರಿಕಕ್ಕೆ ಹೋದವರು. ಆ ವಂಶವಾಹಿ ಬರೆಯುವ ಪ್ರೋಟೀನು ಎರಡೂವರೆ ಸಾವಿರಕ್ಕೂ ಹೆಚ್ಚು ಅಮೈನೊ ಆಮ್ಲಗಳ ದೊಡ್ಡ ಸರಪಳಿ. ಅದರ ಬಹುಭಾಗ ಕೋಶದ ಹೊರಗೆ ಚಾಚಿಕೊಂಡಿರುತ್ತದೆ. ಕೋಶದೊಳಗಿನ ಬಾಲದಲ್ಲಿ ಟೈರೊಸಿನ್ ಕೈನೇಸ್ ಇದೆ. ಹೊರಗೆ ಕಿವಿ, ಒಳಗೆ ಮೊಹರು. ಮರುವರ್ಷ ಬಾಸ್ಲರ್ ಮತ್ತು ಹಾಫೆನ್ ನಿರ್ಣಾಯಕ ಪರೀಕ್ಷೆ ಮಾಡಿದರು. ಕೈನೇಸಿಗೆ ಫಾಸ್ಫೇಟನ್ನು ಒದಗಿಸುವ ಎಟಿಪಿ ಎಂಬ ಅಣು ಬಂದು ಕೂರುವ ಜೇಬಿನಲ್ಲಿ ಒಂದೇ ಒಂದು ಅಮೈನೊ ಆಮ್ಲವನ್ನು ಬದಲಿಸಿದರು. ಪ್ರೋಟೀನು ಇತ್ತು, ಜಾಗದಲ್ಲೇ ಇತ್ತು. ಮೊಹರು ಒತ್ತುವ ಶಕ್ತಿ ಮಾತ್ರ ಹೋಗಿತ್ತು. ಏಳನೆಯ ಕೋಶ ಹುಟ್ಟಲಿಲ್ಲ. ಒಂದು ಅಕ್ಷಿಪಟಲ ಕೋಶದ ಹಣೆಬರಹ ಒಂದು ಕಿಣ್ವದ ಕ್ರಿಯೆಯ ಮೇಲೆ ನಿಂತಿದೆ ಎಂಬುದು ಹೀಗೆ ಸಿದ್ಧವಾಯಿತು.

ಕಿವಿಯೇನೋ ಸಿಕ್ಕಿತು; ಮಾತಾಡುವವರು ಯಾರು? 1988ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ರೋಸ್‌ಮೇರಿ ರೈಂಕೆ ಮತ್ತು ಲಾರೆನ್ಸ್ ಜಿಪರ್ಸ್ಕಿ ಇನ್ನೊಂದು ವಂಶವಾಹಿಯನ್ನು ವರ್ಣಿಸಿದರು. ಅದು ಕೆಟ್ಟರೂ ಏಳನೆಯ ಕೋಶವೇ ಇಲ್ಲವಾಗುತ್ತಿತ್ತು. ಆದರೆ ಆ ವಂಶವಾಹಿ ಸುಸ್ಥಿತಿಯಲ್ಲಿರಬೇಕಾಗಿದ್ದು ಏಳನೆಯದರಲ್ಲಿ ಅಲ್ಲ, ಅದನ್ನು ಮುಟ್ಟಿಕೊಂಡಿರುವ ಎಂಟನೆಯದರಲ್ಲಿ. ಹಳೆಯ ಹಾಲಿವುಡ್ ಭಯಾನಕ ಚಿತ್ರಗಳ ಶೀರ್ಷಿಕೆಗಳ ಧಾಟಿಯಲ್ಲಿ ಅದಕ್ಕೆ ‘ಬ್ರೈಡ್ ಆಫ್ ಸೆವೆನ್‌ಲೆಸ್’, ಏಳಿಲ್ಲದ್ದರ ವಧು, ಎಂದು ಹೆಸರಾಯಿತು. ವಧುವಿನ ಪ್ರೋಟೀನು ಎಂಟನೆಯ ಕೋಶದ ಮೈಮೇಲೆ ಕುಳಿತಿರುತ್ತದೆ. ಅದು ದೂರಕ್ಕೆ ತೇಲಿಹೋಗುವ ಸಂದೇಶವಲ್ಲ. ಮೈಗೆ ಮೈ ತಾಗುವಷ್ಟು ಹತ್ತಿರವಿರುವ ನೆರೆಯವನಿಗೆ ಮಾತ್ರ ಅದು ಮುಟ್ಟುತ್ತದೆ. ‘ಸೆವೆನ್‌ಲೆಸ್’ ಪ್ರೋಟೀನಾದರೋ ಶಂಕುಕೋಶಗಳಾಗಲಿರುವವು ಸೇರಿದಂತೆ ಇನ್ನೂ ಕೆಲವು ಕೋಶಗಳಲ್ಲಿ ಇರುತ್ತದೆ. ಅವಕ್ಕೂ ಕಿವಿಯುಂಟು, ಆದರೆ ಎಂಟನೆಯದರ ಮಗ್ಗುಲಲ್ಲಿ ಅವುಗಳಿಗೆ ಸ್ಥಳವಿಲ್ಲ.

1991ರಲ್ಲಿ ಬಾಸ್ಲರ್ ಮತ್ತು ಹಾಫೆನ್ ಈ ಸಂಗತಿಯನ್ನು ತಿರುಗಿಸಿ ನೋಡಿದರು. ಯಾರೂ ಮಾತಾಡದೆ ಇದ್ದರೂ ಸದಾ ಮೊಹರು ಒತ್ತುತ್ತಲೇ ಇರುವಂತೆ ಆ ಕಿಣ್ವವನ್ನು ಮಾರ್ಪಡಿಸಿದರು. ಈಗ ಶಂಕುಕೋಶಗಳಾಗಬೇಕಾದವೂ ಏಳನೆಯ ಕೋಶಗಳಾಗತೊಡಗಿದವು. ಹಿಂದೆ ಒಂದೂ ಇರದಿದ್ದಲ್ಲಿ ಈಗ ಬೇಕಾದ್ದಕ್ಕಿಂತ ಹೆಚ್ಚು. ಬೇಕಾದಾಗ ಆಜ್ಞೆ ನೀಡುವುದಕ್ಕಿಂತ, ಬೇಡವಾದಾಗ ಸುಮ್ಮನಿರುವುದು ಕಿಣ್ವಕ್ಕೆ ಕಡಿಮೆ ಮುಖ್ಯವಲ್ಲ ಎಂಬುದು ಇದರಿಂದ ಕಂಡಿತು.

ಕಿಣ್ವದ ಮೊಹರು ಬಿದ್ದ ಮೇಲೆ ಕಡತ ಮುಂದೆ ಯಾವ ಮೇಜಿಗೆ ಹೋಗುತ್ತದೆ? ರೂಬಿನ್ ಅವರ ತಂಡದಲ್ಲಿ ಮೈಕೆಲ್ ಸೈಮನ್ ಮತ್ತು ಸಂಗಡಿಗರು 1991ರಲ್ಲಿ ಇದಕ್ಕೆ ಒಂದು ಜಾಣ ಉಪಾಯ ಹೂಡಿದರು. ತಾಪಕ್ಕೆ ಸೋಲುವ ‘ಸೆವೆನ್‌ಲೆಸ್’ ಕಿಣ್ವವಿರುವ ನೊಣಗಳನ್ನು ಅವರು ಆರಿಸಿಕೊಂಡರು. ಒಂದು ತಾಪದಲ್ಲಿ ಏಳನೆಯ ಕೋಶ ಹುಟ್ಟುತ್ತದೆ; ಒಂದೆರಡು ಡಿಗ್ರಿ ಏರಿಸಿದರೆ ಹುಟ್ಟುವುದಿಲ್ಲ. ಆ ಎರಡರ ನಡುವಿನ ಅಂಚಿನಲ್ಲಿ, ಕಿಣ್ವ ಹೇಗೋ ಏದುಸಿರುಬಿಡುತ್ತ ಕೆಲಸ ನಡೆಸುತ್ತಿರುವಾಗ, ಮುಂದಿನ ಮೇಜುಗಳಲ್ಲಿ ಯಾವುದಾದರೂ ಒಂದು ತುಸು ದುರ್ಬಲವಾದರೂ ಸಾಕು, ಇಡೀ ವ್ಯವಸ್ಥೆ ನಿಂತುಹೋಗುತ್ತದೆ. ಹೀಗೆ ಅವರು ಏಳು ವಂಶವಾಹಿಗಳನ್ನು ಹಿಡಿದರು. ಅವುಗಳಲ್ಲೊಂದು ರಾಸ್. ಅದನ್ನು ಚಾಲೂ ಮಾಡುವ ಇನ್ನೊಂದನ್ನು ಬ್ಯಾನರ್ಜಿ ಅವರ ತಂಡವೂ ಅದೇ ವರ್ಷ ಸ್ವತಂತ್ರವಾಗಿ ಗುರುತಿಸಿ ‘ಸನ್ ಆಫ್ ಸೆವೆನ್‌ಲೆಸ್’, ಏಳಿಲ್ಲದ್ದರ ಮಗ, ಎಂದು ಕರೆದಿತ್ತು. ವಧುವಿನ ಹಿಂದೆ ಮಗನೂ ಬಂದು ಸಂಸಾರ ಪೂರ್ಣವಾಯಿತು.

ರಾಸ್ ಅಷ್ಟು ಹೊತ್ತಿಗೆ ಕುಖ್ಯಾತವಾದ ಹೆಸರು. ಮನುಷ್ಯನ ಮೂತ್ರಕೋಶದ ಕ್ಯಾನ್ಸರಿನಲ್ಲಿ ಅದರ ಒಂದೇ ಅಕ್ಷರ ಬದಲಾಗಿರುವುದು 1982ರಲ್ಲಿಯೇ ತಿಳಿದಿತ್ತು. ರಾಸ್ ಕೂಡ ಒಂದು ಕಿಣ್ವವೇ. ಜಿಟಿಪಿ ಎಂಬ ಅಣುವನ್ನು ಹಿಡಿದಾಗ ಚಾಲೂ ಆಗಿ, ಅದನ್ನು ತಾನೇ ಕತ್ತರಿಸಿ ತನ್ನನ್ನು ತಾನೇ ಆರಿಸಿಕೊಳ್ಳುವ ದೀಪದಂತೆ ಅದು ಕೆಲಸ ಮಾಡುತ್ತದೆ. ಕ್ಯಾನ್ಸರಿನಲ್ಲಿ ಈ ಆರುವ ಗುಣ ಕೆಡುತ್ತದೆ. ಆದರೆ ಆರೋಗ್ಯವಂತ ಕೋಶದಲ್ಲಿ ರಾಸ್‌ಗೆ ಅಪ್ಪಣೆ ಕೊಡುವವರು ಯಾರು, ಅದು ಯಾರಿಗೆ ಅಪ್ಪಣೆ ಕೊಡುತ್ತದೆ ಎಂಬ ಸರಪಳಿ ಸ್ಪಷ್ಟವಾಗಿರಲಿಲ್ಲ. ಅದು ತಿಳಿಯಾದ ಜಾಗಗಳಲ್ಲಿ ನೊಣದ ಕಣ್ಣೂ ಒಂದು. ಸದಾ ಉರಿಯುವ ರಾಸ್ ಇದ್ದರೆ ‘ಸೆವೆನ್‌ಲೆಸ್’ ಇಲ್ಲದೆಯೂ ಏಳನೆಯ ಕೋಶ ಹುಟ್ಟುತ್ತದೆ ಎಂದು 1992ರಲ್ಲಿ ಕಂಡಿತು. ರಾಸ್‌ನ ಕೆಳಗೆ ರಾಫ್ ಎಂಬ ಕೈನೇಸ್, ಅದರ ಕೆಳಗೆ ಇನ್ನೂ ಎರಡು ಕೈನೇಸ್‌ಗಳು ಎಂದು ಮೇಜುಗಳು ಒಂದೊಂದಾಗಿ ಗೊತ್ತಾದವು. 1993ರ ಸುಮಾರಿಗೆ ಹುಳು, ನೊಣ, ಸಸ್ತನಿಗಳಲ್ಲಿ ಕೆಲಸ ಮಾಡುತ್ತಿದ್ದವರು ತಮ್ಮ ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ, ಮೇಜುಗಳ ಸಾಲು ಬಹುಮಟ್ಟಿಗೆ ಒಂದೇ ಆಗಿತ್ತು.

ಸರಪಳಿಯ ಕೊನೆಯಲ್ಲಿ ಇನ್ನೊಂದು ಕಿಣ್ವ ಕಾದಿತ್ತು. 1990ರಲ್ಲಿ ರಿಚರ್ಡ್ ಕಾರ್ಥ್ಯೂ ಮತ್ತು ರೂಬಿನ್ ವರ್ಣಿಸಿದ ‘ಸೆವೆನ್ ಇನ್ ಆಬ್ಸೆನ್ಷಿಯಾ’, ಅಂದರೆ ‘ಗೈರುಹಾಜರಿಯ ಏಳು’, ಏನು ಮಾಡುತ್ತದೆ ಎಂಬುದು 1997ರಲ್ಲಿ ಬಿಡಿಸಿತು. ಏಳನೆಯದಾಗಲಿರುವ ಕೋಶದೊಳಗೆ ಟ್ರ್ಯಾಮ್‌ಟ್ರ್ಯಾಕ್ ಎಂಬ ಪ್ರೋಟೀನು ‘ನರಕೋಶವಾಗಬೇಡ’ ಎಂದು ತಡೆದು ನಿಂತಿರುತ್ತದೆ. ನೆರೆಯ ಮಾತು ಮೊಹರುಗಳ ಮೂಲಕ ಒಳಗಿಳಿದಾಗ, ಈ ಕೊನೆಯ ಕಿಣ್ವ ಆ ತಡೆಯ ಮೇಲೆ ‘ನಾಶಕ್ಕೆ’ ಎಂಬ ಗುರುತು ಅಂಟಿಸುತ್ತದೆ. ಕೋಶದ ಚೂರುಯಂತ್ರ ಅದನ್ನು ಪುಡಿಮಾಡುತ್ತದೆ. ಮೊದಲ ಕಿಣ್ವ ಆದೇಶ ಹೊರಡಿಸಿದರೆ ಕೊನೆಯದು ಹಳೆಯ ಆದೇಶವನ್ನು ರದ್ದುಮಾಡುತ್ತದೆ. ಹೊಸ ವಿಧಿಯನ್ನು ಬರೆಯುವುದೆಂದರೆ ಅರ್ಧ ಕೆಲಸ ಅಳಿಸುವುದೇ ಆಗಿದೆ.

ನೊಣದ ಕಣ್ಣಿನ ಮಾತು ನೊಣಕ್ಕೆ ಮಾತ್ರ ಸಲ್ಲುತ್ತದೆಯೇ ಎಂದು ಕೇಳಬಹುದು. ನಮ್ಮ ಅಕ್ಷಿಪಟಲದ ವಿನ್ಯಾಸ ಬೇರೆ, ಅದರ ಕೋಶಗಳು ಬೇರೆ. ಆದರೂ ಮೂಲಪ್ರಶ್ನೆಗೆ ಸಿಕ್ಕ ಉತ್ತರದಲ್ಲಿ ಹತ್ತಿರದ ಹೋಲಿಕೆಯಿದೆ. 1987ರಲ್ಲಿ ಡೇವಿಡ್ ಟರ್ನರ್ ಮತ್ತು ಕಾನ್ಸ್ಟೆನ್ಸ್ ಸೆಪ್ಕೊ ಇಲಿಯ ಅಕ್ಷಿಪಟಲದಲ್ಲಿ ಒಂದೇ ತಾಯಿಕೋಶ ನರಕೋಶವನ್ನೂ ಆಧಾರಕೋಶವನ್ನೂ ಹಡೆಯಬಲ್ಲದು ಎಂದು ತೋರಿಸಿದರು. ಮರುವರ್ಷ ಕಪ್ಪೆಯ ಅಕ್ಷಿಪಟಲದಲ್ಲಿ, ಕೋಶದ ವಿಧಿ ಕುಲದಿಂದ ನಿಶ್ಚಯವಾಗುವುದಿಲ್ಲ ಎಂದು ತೋರಿಸಿದ ತಂಡದಲ್ಲಿ ಇದ್ದವರು, ತಪ್ಪು ಬೆಳಕಿನತ್ತ ನಡೆದ ನೊಣವನ್ನು ಹಿಡಿದಿದ್ದ ಅದೇ ವಿಲಿಯಂ ಹ್ಯಾರಿಸ್.

ಈ ಚರಿತ್ರೆಯ ಒಂದು ಕವಲು ನಾವು ಅನೇಕರು ಬದುಕುವ ಮುಂಬಯಿಗೂ ಬಂದಿದೆ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1962ರಲ್ಲಿ ಅಣುಜೀವಶಾಸ್ತ್ರದ ವಿಭಾಗವನ್ನು ಕಟ್ಟಿದ ಒಬೈದ್ ಸಿದ್ದಿಕಿ, 1970ರ ದಶಕದಲ್ಲಿ ಪಸಾಡೆನಾದಲ್ಲಿ ಬೆಂಜರ್ ಅವರೊಡನೆ ಕೆಲಸ ಮಾಡಿದರು. ತಾಪ ಏರಿದಾಗ ಪಾರ್ಶ್ವವಾಯು ಬಡಿದಂತೆ ಕುಸಿಯುವ ನೊಣಗಳ ನರಗಳಲ್ಲಿ ಏನು ಕೆಡುತ್ತದೆ ಎಂಬ ಅವರಿಬ್ಬರ ಲೇಖನ ಹೊರಬಂದದ್ದೂ 1976ರಲ್ಲಿಯೇ. ಮರಳಿ ಬಂದು ವೆರೊನಿಕಾ ರಾಡ್ರಿಗಸ್ ಅವರೊಡನೆ ನೊಣದ ವಾಸನೆ ಮತ್ತು ರುಚಿಯ ಅಭ್ಯಾಸಕ್ಕೆ ಅಡಿಪಾಯ ಹಾಕಿದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಅವರ ಮುಂದಾಳ್ತನದಲ್ಲಿ ರೂಪುಗೊಂಡಿತು. ಕೆಟ್ಟ ವಂಶವಾಹಿಯ ಮೂಲಕ ನೆಟ್ಟಗಿರುವುದನ್ನು ಅರಿಯುವ ಆ ವಿಧಾನ ಹೀಗೆ ಅರಬ್ಬೀ ಸಮುದ್ರದ ದಂಡೆಯಿಂದ ಹೆಬ್ಬಾಳದ ಆಚೆಗೆ ಬಂದು ನೆಲೆಸಿತು.

ಇನ್ನು ‘ಸೆವೆನ್‌ಲೆಸ್’ ಕಿಣ್ವದ ಮನುಷ್ಯ ಸಂಬಂಧಿಯ ವಿಷಯ. ಅದರ ಹೆಸರು ಆರ್‌ಓಎಸ್1. ಅಣುವಿನ ರಚನೆಯಲ್ಲಿ ಇವೆರಡೂ ಒಂದೇ ಬಳ್ಳಿಯವು, ಕೆಲಸದಲ್ಲಿ ಅಲ್ಲ. ಇಲಿಯಲ್ಲಿ ಆ ವಂಶವಾಹಿಯನ್ನು ತೆಗೆದಾಗ ಕೆಟ್ಟದ್ದು ಕಣ್ಣಲ್ಲ, ಗಂಡಿನಲ್ಲಿ ವೀರ್ಯಾಣುಗಳು ಪಕ್ವವಾಗುವ ನಾಳ. ಶ್ವಾಸಕೋಶದ ಕ್ಯಾನ್ಸರಿನ ರೋಗಿಗಳಲ್ಲಿ ನೂರಕ್ಕೆ ಒಬ್ಬಿಬ್ಬರಲ್ಲಿ ಈ ವಂಶವಾಹಿ ತುಂಡಾಗಿ ಬೇರೊಂದರ ಜೊತೆ ಬೆಸೆದುಕೊಂಡಿರುತ್ತದೆ. ಆಗ ಕಿಣ್ವ ಯಾರ ಮಾತಿಗೂ ಕಾಯದೆ ಸದಾ ಮೊಹರು ಒತ್ತುತ್ತಿರುತ್ತದೆ. 1991ರಲ್ಲಿ ನೊಣದ ಕಣ್ಣಿನಲ್ಲಿ ಕೈಯಾರೆ ಮಾಡಿ ನೋಡಿದ ಸ್ಥಿತಿಯೇ ಅದು. ಇಂಥ ರೋಗಿಗಳಿಗಾಗಿ ಕ್ರಿಜೋಟಿನಿಬ್ ಎಂಬ ಮಾತ್ರೆಗೆ ಅಮೆರಿಕದಲ್ಲಿ 2016ರಲ್ಲಿ ಅನುಮತಿ ದೊರೆಯಿತು. ಆ ಔಷಧಿಯನ್ನು ಮೊದಲು ಬೇರೆ ಕಿಣ್ವಗಳಿಗಾಗಿ ರೂಪಿಸಲಾಗಿತ್ತು. ನೊಣದ ಕಣ್ಣಿನಿಂದ ನೇರವಾಗಿ ಅದು ಹುಟ್ಟಿತು ಎಂದರೆ ಚರಿತ್ರೆಗೆ ಅಪಚಾರ. ಆದರೆ ಒಂದು ಕಿಣ್ವ ಸುಮ್ಮನಿರಬೇಕಾದಾಗ ಸುಮ್ಮನಿರದೆ ಹೋದರೆ ಕೋಶದ ಗತಿ ಏನಾಗುತ್ತದೆ ಎಂಬ ತಿಳಿವಳಿಕೆಯಲ್ಲಿ, ತಪ್ಪು ಬೆಳಕಿನತ್ತ ನಡೆದ ಆ ನೊಣಗಳ ಪಾಲೂ ಇದೆ.

ಮಾತ್ರೆಯ ಅಣು ಹೋಗಿ ಕೂರುವುದು ಕೈನೇಸಿನಲ್ಲಿ ಎಟಿಪಿಗೆಂದು ಇರುವ ಜೇಬಿನಲ್ಲಿ. 1988ರಲ್ಲಿ ಬಾಸ್ಲರ್ ಮತ್ತು ಹಾಫೆನ್ ಒಂದು ಅಮೈನೊ ಆಮ್ಲವನ್ನು ಬದಲಿಸಿ ನೊಣದ ಕಣ್ಣಿನಲ್ಲಿ ಏಳನೆಯ ಕೋಶವನ್ನು ಇಲ್ಲವಾಗಿಸಿದ್ದು ಇದೇ ಜೇಬಿನಲ್ಲಿ.